ಇಂಟರ್‌ವಲ್ ಆದಮೇಲಿನ ಏನಿದಮ್ಮ

ನಮ್ಮೂರಿಗೆ ಬಂದ ಸಿನಿಮಾ, ಊರಿನ ಪ್ರತಿಯೊಬ್ಬರೂ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸುವ ತನಕ ಊರು ಬಿಡುವುದಿಲ್ಲ. ಯಾರೋ ಹಿಡಿದಿಟ್ಟುಕೊಳ್ಳುತ್ತಾರೆ ಎಂದಲ್ಲ, ಪೆಟ್ಟಿಗೆಯೇ ಏಳುವುದಿಲ್ಲ. ಬರುವಾಗ ಕಂಡಕ್ಟರು ಬಸ್ಸಿನ ಟಾಪಿನಿಂದ ಒಂದೇ ಕೈಯಲ್ಲಿ ಇಳಿಸುವ ತಗಡಿನ ಪೆಟ್ಟಿಗೆ ಅದು. ಒಳಗಿನ ರೀಲುಗಳನ್ನು ಬಿಡಿಬಿಡಿಯಾಗಿ ಮಕ್ಕಳೂ ಎತ್ತಿಕೊಂಡು ಓಡಾಡುತ್ತಾರೆ. ಆದರೆ ಅವನ್ನೆಲ್ಲ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿದಿರೋ, ಒರಳುಕಲ್ಲು ಕೂತಂತೆ ಕೂತುಬಿಡುತ್ತದೆ. ಪ್ರತಿ ಸೋಮವಾರ ಹತ್ತು ಗಂಟೆಯ ಬಸ್ಸು ಬಂದಾಗ ನಾಲ್ಕು ಜನ ಗಂಡಸರು ಪಂಚೆ ಎತ್ತಿ ಕಟ್ಟಿ, "ಹೈಸಾ" ಎಂದು ಎತ್ತಿ ನೋಡುತ್ತಾರೆ. ಎದ್ದರೆ ಹಳೆಯದು ಹೋಯಿತು, ಹೊಸದು ಇಳಿಯಿತು. ಏಳದಿದ್ದರೆ ಇನ್ನೂ ಯಾರೋ ನೋಡಿಲ್ಲ ಎಂದು ಅರ್ಥ.

ಇದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಮದುವೆಯಾಗಿ ಬಂದ ಹೆಣ್ಣನ್ನು ಬಸ್‌ಸ್ಟ್ಯಾಂಡಿನಿಂದ ಸೀದಾ ಟಾಕೀಸಿಗೆ ಕರೆದುಕೊಂಡು ಹೋಗಿ ಆಟ ತೋರಿಸುತ್ತೇವೆ, ಹೊಸ್ತಿಲ ಮೇಲಿನ ಸೇರು ಒದೆಸುವುದು ಆಮೇಲೆ. ಮೂರು ರಾತ್ರಿ ಉಳಿದ ನೆಂಟರೂ ಊರಿನವರೇ ಆಗಿಬಿಡುವುದರಿಂದ, ಎರಡನೆಯ ದಿನವೇ ಅವರಿಗೆ "ಸಿನಿಮಾ ನೋಡ್ತೀರೋ, ಊರಿಗೆ ಹೊರಡ್ತೀರೋ" ಎಂದು ಕೇಳುವುದು ನಮ್ಮಲ್ಲಿ ಅಮರ್ಯಾದೆಯಲ್ಲ. ಮಗುವಿಗೆ ಮೊದಲ ಹಲ್ಲು ಮೂಡಿದರೆ ಅದಕ್ಕೂ ನೋಡುವ ವಯಸ್ಸಾಯಿತು. ನಿದ್ದೆ ಮಾಡಿದವರದು ನೋಡಿದ ಹಾಗಲ್ಲ. ಸೈಕಲ್ ಶಾಪಿನ ರುದ್ರೇಶ ಒಂದು ಸಿನಿಮಾಕ್ಕೆ ಒಂಬತ್ತು ಸಲ ಹೋಗಿ ಒಂಬತ್ತು ಸಲವೂ ಗೊರಕೆ ಹೊಡೆದಿದ್ದ. ಹತ್ತನೆಯ ಸಲ ಅವನ ಅಂಗೈ ಮೇಲೆ ತುಂಬಿದ ನೀರಿನ ಲೋಟ ಇಟ್ಟು, ಪರದೆಯ ಮುಂದೆ ನಿಲ್ಲಿಸಿ ತೋರಿಸಿದರು. ಆ ಸೋಮವಾರ ಪೆಟ್ಟಿಗೆ ಹೂವಿನ ಬುಟ್ಟಿಯ ಹಾಗೆ ಎದ್ದಿತು.

ಬರುವುದೆಲ್ಲ ಇಂಗ್ಲೆಂಡಿನ ಸಿನಿಮಾಗಳೇ. ಅದೂ ಎಂಬತ್ತರಿಂದ ಎಂಬತ್ಮೂರನೇ ಇಸವಿಯೊಳಗೆ ತೆಗೆದವು. ಅದರಲ್ಲೂ ತಮ್ಮ ದೇಶದಲ್ಲಿ ಒಂದು ವಾರವೂ ಓಡದೆ, ಯಾರ ಕಣ್ಣಿಗೂ ಬೀಳದೆ ಡಬ್ಬ ಸೇರಿದವು. ಅವುಗಳಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಕಾರ್ಖಾನೆ ಮುಚ್ಚಿರುತ್ತದೆ, ಹೊರಗೆ ಜಿಟಿಜಿಟಿ ಹನಿಯುತ್ತಿರುತ್ತದೆ, ಒಳಗೆ ಒಬ್ಬರು ಟೀಗೆ ನೀರಿಡುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ, ಆಮೇಲೆ ಇಬ್ಬರೂ ಕುಡಿಯುತ್ತಾರೆ. ಮೊದಮೊದಲು ನಮ್ಮ ಹಿರಿಯರು ಪರದೆಯ ಮೇಲೆ ಕಡಲೇಕಾಯಿ ಸಿಪ್ಪೆ ಎಸೆದಿದ್ದರಂತೆ. ಬರಬರುತ್ತ ರುಚಿ ಹತ್ತಿತು. ಕೆಲಸ ಹೋದ ಪೋಸ್ಟ್‌ಮ್ಯಾನ್ ಒಬ್ಬ ಸಾಕಲಾಗದೆ ತನ್ನ ಪಾರಿವಾಳಗಳನ್ನು ಒಂದೊಂದಾಗಿ ದೂರದೂರಿಗೆ ಒಯ್ದು ಬಿಟ್ಟು ಬರುತ್ತಾನೆ, ಅವು ಅವನಿಗಿಂತ ಮೊದಲೇ ಮನೆಗೆ ಬಂದು ಕೂತಿರುತ್ತವೆ. ಇಷ್ಟೇ ಕಥೆಯಿದ್ದ ಸಿನಿಮಾ ಊರು ಬಿಟ್ಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ಹೊತ್ತ ಗಂಡಸರು ಮೂಗೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಒಮ್ಮೆ ಹೋದ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರಿಗೂ ಗೊತ್ತಿಲ್ಲ.

ನಾನು ಹೇಳುತ್ತಿರುವುದು ಎಂಬತ್ತೆರಡನೇ ಇಸವಿಯ ಪೆಟ್ಟಿಗೆಯ ಮಾತು. ಅದರಲ್ಲಿ ಎನಿಡ್ ಎನ್ನುವ ಹೆಂಗಸಿದ್ದಳು. ಬಂದ ಮೊದಲ ದಿನವೇ ಊರಿನವರ ಬಾಯಲ್ಲಿ ಅವಳು ಏನಿದಮ್ಮ ಆದಳು. ಸಮುದ್ರದ ಪಕ್ಕದ ಊರು, ಅಲ್ಲೊಂದು ದೊಡ್ಡ ಲಾಂಡ್ರಿ, ಊರಿನ ಹೋಟೆಲುಗಳ ಹಾಸಿಗೆಬಟ್ಟೆಯೆಲ್ಲ ಅಲ್ಲಿಗೆ ಬರುತ್ತದೆ. ಏನಿದಮ್ಮನಿಗೆ ಅಲ್ಲಿ ಕೆಲಸ. ಲಾಂಡ್ರಿ ಇಂದು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎನ್ನುವಂತಿದೆ. ಗಂಡ ಸ್ಟ್ಯಾನ್ ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುತ್ತಿದ್ದವನು, ಈಗ ಕೆಲಸವಿಲ್ಲದೆ ಮನೆಯ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತಿರುತ್ತಾನೆ. ಸಿನಿಮಾ ಶುರುವಾದಾಗ ಕೂತವನು ಏಳುವುದೇ ಇಲ್ಲ. ಇವಳು ಕೂರುವುದೇ ಇಲ್ಲ. ಹಬೆಯೊಳಗೆ ಬಟ್ಟೆ ಹಿಂಡುತ್ತಾಳೆ, ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತಾಳೆ, ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಾಳೆ. ಅಷ್ಟೇ. ಆದರೆ ಹಿಂಡುವಾಗ ಅವಳ ಮಣಿಕಟ್ಟು ತಿರುಗುವ ರೀತಿ ಥೇಟ್ ನನ್ನ ಅವ್ವನದು.

ನಮ್ಮ ಟಾಕೀಸಿನಲ್ಲಿ ಪರದೆಯ ಎಡಗಡೆ ಒಂದು ಸ್ಟೂಲು ಹಾಕಿಕೊಂಡು ತಿಪ್ಪೇಸ್ವಾಮಿ ಮೇಷ್ಟ್ರು ಕೂರುತ್ತಾರೆ. ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಪಾತ್ರಗಳು ಆಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳುವುದು ಅವರ ಕೆಲಸ. ಅರ್ಧ ಸಿನಿಮಾ ಕಳೆದಾಗ ಏನಿದಮ್ಮ ತನ್ನ ಅಕ್ಕನ ಮನೆಗೆ ಹೋಗುತ್ತಾಳೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳೇ "ಐ ಆಮ್ ನಾಟ್ ಸ್ಟಾಪಿಂಗ್" ಎನ್ನುತ್ತಾಳೆ. ಮೇಷ್ಟ್ರು ಸ್ಟೂಲಿನಿಂದ ಎದ್ದು, ಕೋಲು ಮೇಲೆತ್ತಿ, "ನಾನು ನಿಲ್ಲೋದಿಲ್ಲ ಅಂತಾಳೆ! ಅಂದ್ರೆ ಏನು? ಲಾಂಡ್ರಿ ಮುಚ್ಚಲಿ, ಜಗತ್ತೇ ಮುಳುಗಲಿ, ಹಿಡಿದ ಕೆಲಸ ನಿಲ್ಲಿಸೋದಿಲ್ಲ ಅಂತ!" ಎಂದು ಗುಡುಗುತ್ತಾರೆ. ಟಾಕೀಸಿಗೆ ಟಾಕೀಸೇ ಚಪ್ಪಾಳೆ. ಆ ಹೊತ್ತಿಗೆ ಟಾಕೀಸು ನಡೆಸುವ ಮಹಬೂಬ್ ಸಾಹೇಬರಿಗೆ ಟೀ ಬರುವುದರಿಂದ ಅಲ್ಲಿಗೇ ಇಂಟರ್‌ವಲ್ಲು.

ಈ ಮಾತು ಊರಿಗೆಲ್ಲ ಹಬ್ಬಿತು. ಗರಡಿಮನೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ "ನಾನು ನಿಲ್ಲೋದಿಲ್ಲ" ಎಂದು ಬರೆಸಿದರು. ಆಟೋ ಹಿಂದೆ ಬರೆಸಿಕೊಂಡ ಫಯಾಜ್ ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋಗಿ, ಕೇಳಿದರೆ ಹಿಂದಕ್ಕೆ ಬೆರಳು ತೋರಿಸುತ್ತಿದ್ದ. ಪಂಚಾಯಿತಿಯವರು ನಲ್ಲಿಯ ಕಟ್ಟೆಯ ಮೇಲೂ ಬರೆಸಿದರು, ನೀರೇನೋ ಎಂದಿನಂತೆ ಎಂಟು ಗಂಟೆಗೇ ನಿಂತಿತು. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದ ಹುಡುಗಿಯೊಬ್ಬಳು ಇದೇ ಮಾತನ್ನು ಕನ್ನಡಿಗೆ ಅಂಟಿಸಿಕೊಂಡು ಓದಿ ಪಾಸಾದಳು. ಹೀಗಿರುವಾಗ ಅದರ ಅರ್ಥ ಅದಲ್ಲ ಎಂದು ಯಾರು ಹೇಳಬೇಕು?

ಅದರ ಅರ್ಥ ಅದಲ್ಲ ಎಂದು ನನಗೆ ಮೊದಲ ಸಲವೇ ಗೊತ್ತಾಗಿತ್ತು. ನನಗೆ ಬರುವ ಇಂಗ್ಲಿಷ್ ಎಂದರೆ ಸೋಪಿನ ಕವರ್ ಓದುವಷ್ಟು. ಆದರೆ ನಾನು ಏನಿದಮ್ಮನ ಕೈ ನೋಡುತ್ತಿದ್ದೆ. ಅವಳು ಕೋಟಿನ ಗುಂಡಿ ಬಿಚ್ಚುವುದಿಲ್ಲ. ಕೈಚೀಲ ತೋಳಿನಲ್ಲೇ ಇರುತ್ತದೆ. ಅಕ್ಕ ಎಳೆದ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾಳೆ. ನಮ್ಮ ಬೀದಿಯ ಯಾವ ಹೆಂಗಸಾದರೂ ಹಾಗೆ ಹೊಸ್ತಿಲಲ್ಲಿ ನಿಂತು ಏನು ಹೇಳುತ್ತಾಳೆ? "ಕೂರಲ್ಲ ಕಣೇ, ಅನ್ನಕ್ಕಿಟ್ಟು ಬಂದಿದೀನಿ" ಎನ್ನುತ್ತಾಳೆ. ಏನಿದಮ್ಮ ಹೇಳಿದ್ದೂ ಅದೇ. ಅದಕ್ಕೆ ಚಪ್ಪಾಳೆ ಬಿದ್ದಾಗ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದೆ.

ಇನ್ನು ನನ್ನ ಕಳ್ಳತನಕ್ಕೆ ಬರುತ್ತೇನೆ. ಆ ಸಿನಿಮಾ ಬಂದ ವಾರ ನಮ್ಮತ್ತೆ ಹೊನ್ನಮ್ಮನವರನ್ನು ಮಂಗಳವಾರದ ಮ್ಯಾಟ್ನಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಸೊಂಟ ನೋವು, ಜೊತೆಗೆ ಒಬ್ಬರು ಬೇಕೇಬೇಕು. ಇಂಟರ್‌ವಲ್ಲಿನಲ್ಲಿ ಮಗಳು ನೀಲು ಸ್ಕೂಲಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಳೆಂದು ಸುದ್ದಿ ಬಂತು. ಎದ್ದು ಓಡಿದೆ. ಎರಡನೆಯ ಮಂಗಳವಾರ ದೋಸೆಗೆ ನೆನೆಸಿದ್ದು ಜ್ಞಾಪಕ ಬಂತು. ಮೂರನೆಯ ಮಂಗಳವಾರ, ನಿಜ ಹೇಳುತ್ತೇನೆ, ಏನೂ ಜ್ಞಾಪಕ ಬರಲಿಲ್ಲ. ಮಗಳಿಗೆ ಜಡೆ ಹಾಕಿ, ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಯಜಮಾನರಿಗೆ ಬುತ್ತಿ ಕಟ್ಟಿ, ಪಾತ್ರೆ, ಬಟ್ಟೆ, ಅತ್ತೆಯ ಸೊಂಟಕ್ಕೆ ಎಣ್ಣೆ, ಮತ್ತೆ ಅಡಿಗೆ, ಮತ್ತೆ ಪಾತ್ರೆ. ಇವುಗಳ ನಡುವೆ ಕೈಯಲ್ಲಿ ಏನೂ ಹಿಡಿಯದೆ, ಯಾರೂ "ವಾರಿಜಾ" ಎಂದು ಕೂಗದೆ, ಕತ್ತಲೆಯಲ್ಲಿ ಐವತ್ತು ನಿಮಿಷ ಕೂರುತ್ತೇನಲ್ಲ, ಇದು ಈ ಸಿನಿಮಾ ಇರುವವರೆಗೆ ಮಾತ್ರ ಎಂದು ಹೊಳೆಯಿತು. ಪೂರ್ತಿ ನೋಡಿದ ಗೃಹಿಣಿಗೆ ಮತ್ತೆ ಟಾಕೀಸಿನಲ್ಲೇನು ಕೆಲಸ? ನೋಡದೆ ಉಳಿದರೆ ಕೆಲಸವಿದೆ. ಅವತ್ತಿನಿಂದ ಇಂಟರ್‌ವಲ್ಲಿಗೆ ಎದ್ದು ಹಿಂಬಾಗಿಲಿನಿಂದ ಮನೆಗೆ, ಆಟ ಬಿಡುವ ಹೊತ್ತಿಗೆ ಅತ್ತೆಯನ್ನು ಕರೆದುಕೊಂಡು ಹೋಗಲು ಮತ್ತೆ ಬಾಗಿಲಿಗೆ. ಕೊನೆ ಹೇಳಿದವರ ನಾಲಿಗೆಗೆ ಹುಣ್ಣಾಗುತ್ತದೆಂಬ ಮಾತು ನಮ್ಮಲ್ಲಿರುವುದರಿಂದ, ಏನಿದಮ್ಮನಿಗೆ ಮುಂದೇನಾಯಿತೆಂದು ನನ್ನ ಕಿವಿಗೂ ಬೀಳಲಿಲ್ಲ.

ಹೀಗೆ ಮೂರು ವರ್ಷ ಎರಡು ತಿಂಗಳು ಕಳೆಯಿತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಅನುಮಾನವೆಲ್ಲ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತವರ ಮೇಲೆ ಹೋಗುತ್ತಿತ್ತು. ಅಂದರೆ ನಮ್ಮತ್ತೆಯ ಮೇಲೆ. ಅವರು ಪ್ರತಿ ಸಲವೂ ಏನಿದಮ್ಮ ಅಕ್ಕನ ಮನೆಗೆ ಹೊರಡುವ ಹೊತ್ತಿಗೆ ಕಣ್ಣು ಮುಚ್ಚಿ, ಬಾಯಿ ತೆರೆದು, ಇಡೀ ಟಾಕೀಸಿಗೆ ಕೇಳಿಸುವಂತೆ ಉಸಿರು ಬಿಡುತ್ತಿದ್ದರು. "ಹೊನ್ನಜ್ಜಿ ಮಲಗಿದ್ರು! ಎಬ್ಬಿಸ್ರೋ!" ಎಂದು ಹಿಂದಿನ ಸಾಲಿನವರು ಕೂಗಿಕೊಳ್ಳುತ್ತಿದ್ದರು. ಮಹಬೂಬ್ ಸಾಹೇಬರು ತಾವೇ ಬಿಸಿ ಬೋಂಡ ತಂದು ಅವರ ಮೂಗಿನ ಬಳಿ ಹಿಡಿಯುತ್ತಿದ್ದರು. ಅತ್ತೆ ಒಂದು ಕಣ್ಣು ತೆರೆದು, ಬೋಂಡ ತೆಗೆದುಕೊಂಡು, "ಪೊರೆ ಬಂದಿದೆ ಕಣಪ್ಪ, ಬಿಳೀ ಸೀರೆ ಒಣಗಾಕಿದಂಗೆ ಕಾಣುತ್ತೆ. ಮುಂದಿನ ವಾರ ಇನ್ನೊಂದ್ಸಲ ನೋಡಣ" ಎನ್ನುತ್ತಿದ್ದರು. ಮುಂದಿನ ವಾರ ಅವರಿಗೆ ದಿಂಬಿಟ್ಟ ಕುರ್ಚಿ, ಎರಡು ಬೋಂಡ.

ಆದರೂ ಊರು ಎಷ್ಟೆಂದು ತಡೆಯುತ್ತದೆ? ಒಂದು ಸೋಮವಾರ ಆರು ಜನ ಎತ್ತಿದರೂ ಪೆಟ್ಟಿಗೆ ಕದಲದೆ, ಒಬ್ಬರ ಪಂಚೆ ಮಾತ್ರ ಜಾರಿತು. ಮಹಬೂಬ್ ಸಾಹೇಬರು ಟೋಪಿ ತೆಗೆದು ಪೆಟ್ಟಿಗೆಯ ಮೇಲಿಟ್ಟು ಕೂತುಬಿಟ್ಟರು. "ನೋಡ್ರಪ್ಪ, ಮಂಗಳವಾರ ಹೊನ್ನಜ್ಜಿ, ವಾರಿಜಕ್ಕ ಬರ್ತಾರೆ. ಮಿಕ್ಕ ದಿನ ನಾನು ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸ್ತಿದೀನಿ. ಇನ್ನೊಂದು ತಿಂಗಳು. ಆಮೇಲೆ ಬೀಗ ಹಾಕಿ ನನ್ನ ತಂಗಿ ಊರಿಗೆ ಹೋಗ್ತೀನಿ" ಎಂದರು. ಮನೆಯಲ್ಲಿ ನೀಲು ಬೇರೆ. ಅವಳಿಗೆ ಒಂಬತ್ತು ತುಂಬುತ್ತಿತ್ತು, ಬುದ್ಧಿ ಬಂದಾಗಿನಿಂದ ಒಂದೇ ಸಿನಿಮಾ ಕಂಡಿದ್ದಳು. "ಅಮ್ಮ, ಬೇರೆ ಸಿನಿಮಾದಲ್ಲೂ ಬರೀ ಬಟ್ಟೆ ಒಗೀತಾರಾ?" ಎಂದು ಕೇಳಿದಳು. ಆದರೂ ಬಾಯಿ ಬಿಡಲಿಲ್ಲ. ಒಂದು ತಿಂಗಳೆಂದರೆ ಇನ್ನೂ ನಾಲ್ಕು ಮಂಗಳವಾರ ಅಂದುಕೊಂಡೆ. ಅಷ್ಟು ಆಸೆಬುರುಕಿ ನಾನು.

ಮೇಷ್ಟ್ರೇ ಉಪಾಯ ಹುಡುಕಿದರು. ಭಾನುವಾರ ಬೆಳಿಗ್ಗೆ ಊರಿನವರನ್ನೆಲ್ಲ ಟಾಕೀಸಿನಲ್ಲಿ ಸೇರಿಸಿ ಪರೀಕ್ಷೆ ಇಟ್ಟರು. ಒಬ್ಬೊಬ್ಬರಾಗಿ ಬರಬೇಕು, ಸಿನಿಮಾದ ಮೇಲೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಮೊದಲಿಗೆ ಕರೆದದ್ದೇ ನಮ್ಮತ್ತೆಯನ್ನು.

"ಹೊನ್ನಮ್ಮನವರೇ, ಲಾಂಡ್ರಿ ಮುಚ್ಚಿದ ದಿನ ಯಜಮಾನ ಏನಿದಮ್ಮನಿಗೆ ಏನು ಕೊಡ್ತಾನೆ?"

"ಬಟ್ಟೆಗೆ ಹಾಕೋ ಕ್ಲಿಪ್ಪು. ಒಂದು ಡಬ್ಬ. ಅದ್ರಲ್ಲಿ ಅರ್ಧ ಮುರಿದಿರ್ತವೆ. ಅವನ ಮುಖಕ್ಕಿಷ್ಟು."

ಟಾಕೀಸೇ ಬೆಚ್ಚಿಬಿತ್ತು. "ಅಜ್ಜಿಗೆ ಎಲ್ಲಾ ಕಂಡಿದೆಯಲ್ರೀ!" ಎಂದು ಮಹಬೂಬ್ ಸಾಹೇಬರು ಹಣೆ ಚಚ್ಚಿಕೊಂಡರು. "ಮೂರು ವರ್ಷ ಬೋಂಡ ತಿಂದ್ರಲ್ಲ ಹೊನ್ನಜ್ಜೀ!"

"ಕೊಟ್ಟೆ, ತಿಂದೆ. ಬೇಡ ಅನ್ನೋಕೆ ನಾನೇನು ನಿನ್ನ ಬೀಗಿತೀನಾ?" ಎಂದು ಅತ್ತೆ ಹೋಗಿ ಕೂತರು. ಆದರೆ ಅವರ ಮುಖ ಸಣ್ಣಗಾಗಿತ್ತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಒಬ್ಬರಾದ ಮೇಲೊಬ್ಬರು ಪಾಸಾದರು. ರುದ್ರೇಶನೂ ಪಾಸಾದ. ನನ್ನ ಸರದಿ ಬಂತು. ಮೇಷ್ಟ್ರಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ. ವಾರ ವಾರ ಕಾಣುವ ಮುಖ. ಸುಲಭದ್ದು ಕೇಳೋಣವೆಂದು, "ಏನಮ್ಮಾ ವಾರಿಜಾ, ನಮ್ಮ ಮಂತ್ರ ಇದೆಯಲ್ಲ, ಐ ಆಮ್ ನಾಟ್ ಸ್ಟಾಪಿಂಗ್. ಅದನ್ನ ಏನಿದಮ್ಮ ಎಷ್ಟು ಸಲ ಹೇಳ್ತಾಳೆ ಹೇಳಿಬಿಡು, ಹೋಗು" ಎಂದರು.

ಎದುರಿನ ಸಾಲಿನಿಂದ ನೀಲು ಕತ್ತಿನ ಕೆಳಗೆ ನಾಲ್ಕು ಬೆರಳು ಬಿಡಿಸಿ ತೋರಿಸುತ್ತಿದ್ದಳು. ಅವಳು ಕತ್ತು ಕೆರೆದುಕೊಳ್ಳುತ್ತಿದ್ದಾಳೆಂದು ತಿಳಿದು ನಾನು ಧೈರ್ಯವಾಗಿ, "ಒಂದೇ ಸಲ" ಎಂದೆ.

ಹಿಂದಿನಿಂದ ಯಾರೋ "ಅಯ್ಯೋ ಶಿವನೇ" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಒಂದು ಸಲ ಇಂಟರ್‌ವಲ್ಲಿಗೆ ಮುಂಚೆ. ಆದಮೇಲೆ ಮೂರು ಸಲ. ಆದಮೇಲೆ ನೀನು ಎಲ್ಲಿದ್ದೆ ತಾಯಿ?"

ನನಗೆ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಎಲ್ಲರ ಕಣ್ಣು ಒಂದು ಕಡೆ. ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ "ನಮ್ಮ ಮಂತ್ರ" ಮೂರು ವರ್ಷದಿಂದ ಗಂಟಲಲ್ಲಿ ಕೂತಿತ್ತಲ್ಲ, ಹೊರಬಿದ್ದೇಬಿಟ್ಟಿತು. "ಸಲ ಎಷ್ಟಾದರೂ ಇರಲಿ ಮೇಷ್ಟ್ರೇ, ಅದರ ಅರ್ಥ ನೀವು ಹೇಳೋದಲ್ಲ. ಅವಳು ಕೂರಲ್ಲ ಅಂತಿದಾಳೆ. ಬಂದೆ, ಕೂರೋಕೆ ಹೊತ್ತಿಲ್ಲ, ಹೊರಟೆ. ಅಷ್ಟೇ. ಅದಕ್ಕೆ ಗರಡಿಯವರು ಯಾಕೆ ತೊಡೆ ತಟ್ಟಬೇಕು?"

ಗಂಡಸರ ಕಡೆಯಿಂದ ಗದ್ದಲವೆದ್ದಿತು. "ಅರ್ಧ ಸಿನಿಮಾ ನೋಡಿ ಮೇಷ್ಟ್ರಿಗೇ ಪಾಠ ಹೇಳ್ತೀಯೇನಮ್ಮ?" ಎಂದು ಗರಡಿಯ ಉಸ್ತಾದ್ ಎದ್ದ. ಫಯಾಜ್ ತನ್ನ ಆಟೋ ಹಿಂದಿನ ಬರಹಕ್ಕೆ ಹೊಸದಾಗಿ ಬಣ್ಣ ಹೊಡೆಸಿ ಎರಡು ದಿನವಾಗಿತ್ತು, ಪಾಪ ತಲೆ ಮೇಲೆ ಕೈ ಹೊತ್ತ. ಹೆಂಗಸರ ಕಡೆ ಮಾತ್ರ ಪಿಸುಪಿಸು ಶುರುವಾಗಿ, "ಹೌದಲ್ವೇನೇ? ಕೋಟೇ ಬಿಚ್ಚಲ್ಲ ಅವಳು" ಎನ್ನುವುದು ನನ್ನ ಕಿವಿಗೆ ಬಿತ್ತು. ಮೇಷ್ಟ್ರು ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಕೋಲು ಊರಿಕೊಂಡು ಹೊರಗೆ ಹೋದರು. ಅದನ್ನು ನೋಡಿ, ನಾನು ಆಡಿದ್ದು ನಿಜವಾದರೂ ಆಡಬಾರದಿತ್ತು ಅನ್ನಿಸಿತು.

ಮನೆಗೆ ಬಂದರೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನೂ ಮೊರದ ಪಕ್ಕ ಕುಕ್ಕರಿಸಿದೆ. "ನಿಮಗೆ ನಾನು ಎದ್ದು ಹೋಗೋದು ಗೊತ್ತಿತ್ತಲ್ಲ ಅತ್ತೆ. ಯಾರಿಗೂ ಹೇಳಲಿಲ್ಲ."

"ನಾನು ಕಣ್ಣು ಮುಚ್ಕೊಂಡು ಗೊರಕೆ ಹೊಡೀತಿದ್ದಿದ್ದು ಯಾತಕ್ಕೆ ಅಂದ್ಕೊಂಡಿದ್ದೆ?"

"ಬೋಂಡಕ್ಕೆ."

"ಬೋಂಡಕ್ಕೂ ಹೌದು, ಸುಳ್ಳ್ಯಾಕೆ ಹೇಳ್ಲಿ." ಅತ್ತೆ ಒಂದು ಹುಳುಕು ಕಾಯಿ ಆರಿಸಿ ಎಸೆದರು. "ನನ್ನ ಮೇಲೆ ಗುಮಾನಿ ಇರೋವರ್ಗೂ ನಿನ್ನ ಮೇಲೆ ಬರಲ್ಲ ಅಂತ ಕಣೇ. ಇವತ್ತು ಆ ಮೇಷ್ಟ್ರು ಕೇಳಿದ ತಕ್ಷಣ ನನ್ನ ಹಾಳು ನಾಲಿಗೆ ಉತ್ತರ ಹೇಳಿಬಿಡ್ತು. ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತು. ನಾಲ್ಕು ಜನದ ಮುಂದೆ ಜಾಣೆ ಅನ್ನಿಸ್ಕೊಳ್ಳೋ ಚಪಲ ನೋಡು, ಈ ವಯಸ್ಸಲ್ಲಿ."

ಹದಿಮೂರು ವರ್ಷದಿಂದ ಈ ಮನೆಯಲ್ಲಿದ್ದೇನೆ. ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು ಎನ್ನುವುದನ್ನು ಬಿಟ್ಟು ಅತ್ತೆ ನನ್ನ ಕಡೆ ನೋಡುತ್ತಾರೆ ಎಂದೇ ನನಗೆ ತಿಳಿದಿರಲಿಲ್ಲ.

"ನಾನು ಈ ಮನೆಗೆ ಬಂದು ಐವತ್ತು ವರ್ಷ ಆಯ್ತು," ಎಂದರು. "ಕೂತಿದ್ದು ಸೊಂಟ ಬಿದ್ಮೇಲೆ. ನಿನಗೂ ಸೊಂಟ ಬೀಳ್ಲಿ ಆಮೇಲೆ ಕೂರ್ಲಿ ಅಂತ ಬಿಡಬೇಕಿತ್ತಾ? ಹೋಗ್ಲಿ. ಮಂಗಳವಾರ ಹೋಗು, ಕೊನೇತನಕ ನೋಡು. ಮೂರು ವರ್ಷದಿಂದ ಅವಳನ್ನ ಬಾಗಿಲಲ್ಲೇ ನಿಲ್ಸಿ ಬಂದಿದೀಯಲ್ಲ, ಪಾಪ."

ಮಂಗಳವಾರ ನಾನು ಹೋಗುವಷ್ಟರಲ್ಲಿ ಇಡೀ ಊರು ಟಾಕೀಸಿನಲ್ಲಿತ್ತು. ಅಂಗಡಿಗಳು ಬಾಗಿಲು ಹಾಕಿದ್ದವು, ಸ್ಕೂಲಿಗೆ ಅರ್ಧ ದಿನ ರಜೆ ಕೊಟ್ಟಿದ್ದರು. ನಮ್ಮ ಯಜಮಾನರೂ ಗ್ರೀಸು ಹತ್ತಿದ ಕೈಯಲ್ಲೇ ಬಂದು, "ಏನು ವಾರಿಜಾ, ನಂಗೂ ಹೇಳಿಲ್ಲ ನೋಡು" ಎಂದು ನಕ್ಕು ಬಾಗಿಲ ಬಳಿ ನಿಂತರು. ನನ್ನನ್ನು ನಡುವಿನ ಸಾಲಿನಲ್ಲಿ ದಿಂಬಿಟ್ಟ ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಒಂದು ಕಡೆ, ನೀಲು ಒಂದು ಕಡೆ. ಇಂಟರ್‌ವಲ್ಲಿನ ತನಕ ಎಲ್ಲ ಸರಿಯಾಗಿತ್ತು. ಆದಮೇಲೆ ದೀಪ ಆರುತ್ತಿದ್ದಂತೆ ಮುಂದಿನ ಸಾಲುಗಳವರೆಲ್ಲ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಕೂತರು. ಪರದೆಯ ಕಡೆ ಯಾರ ಮುಖವೂ ಇಲ್ಲ. ಮುನ್ನೂರು ಜೋಡಿ ಕಣ್ಣು ನನ್ನ ಎರಡು ಕಣ್ಣನ್ನು ಕಾಯುತ್ತಿದ್ದವು.

"ರೆಪ್ಪೆ ಬಡೀತು! ರೆಪ್ಪೆ ಬಡೀತು!" ಎಂದ ರುದ್ರೇಶ.

"ಬಡೀದೆ ಇರೋಕೆ ಅವಳೇನು ಮೀನಾ? ಸುಮ್ನೆ ಕೂತ್ಕೊಳ್ಳೋ" ಎಂದು ಅತ್ತೆ ಗದರಿದರು.

ಏನಿದಮ್ಮ ಅಕ್ಕನ ಮನೆಯಿಂದ ನಿಂತ ಕಾಲಲ್ಲೇ ಹೊರಟಳು. ಎರಡನೆಯ ಸಲ ಪಕ್ಕದ ಮನೆಯ ಮುದುಕಿಯ ಬಾಗಿಲಲ್ಲಿ, ಸಾರಿನ ಪಾತ್ರೆ ಕೊಡುತ್ತ, ಅದೇ ಮಾತು ಹೇಳಿದಳು. ಮೂರನೆಯ ಸಲ, ಮುಚ್ಚಿದ ಲಾಂಡ್ರಿಯೊಳಗೆ, ಕ್ಲಿಪ್ಪಿನ ಡಬ್ಬ ಕಂಕುಳಲ್ಲಿಟ್ಟುಕೊಂಡು, ಖಾಲಿ ಯಂತ್ರಗಳಿಗೆ ಹೇಳಿದಳು. ಎರಡು ಸಲವೂ ಮೇಷ್ಟ್ರು ಸ್ಟೂಲಿನ ಮೇಲೆ ಮುಖ ಬೇರೆ ಕಡೆ ಮಾಡಿಕೊಂಡು ಸುಮ್ಮನಿದ್ದರು. ಕನ್ನಡ ಹೇಳಲೇ ಇಲ್ಲ. ನಾಲ್ಕನೆಯದು ಕೊನೆಯ ರೀಲು. ಸಂಜೆ. ಏನಿದಮ್ಮ ಒದ್ದೆ ಕೋಟಿನಲ್ಲಿ ಒಂದು ಮನೆಯ ಬಾಗಿಲು ತೆರೆದಳು. ಒಳಗೆ ಗಂಡ ಸ್ಟ್ಯಾನ್ ಕುರ್ಚಿಯಲ್ಲಿದ್ದ. ಅದು ಅವಳದೇ ಮನೆ. ತನ್ನ ಮನೆಯ ಹೊಸ್ತಿಲ ಮೇಲೆ, ಕೈಚೀಲ ತೋಳಿನಲ್ಲಿ, ಗುಂಡಿ ಬಿಚ್ಚದೆ ನಿಂತು, ಎಲ್ಲ ಕಡೆ ಹೇಳಿ ಹೇಳಿ ಬಾಯಿಗೆ ಅಂಟಿದ್ದನ್ನೇ ಹೇಳಿದಳು: "ಐ ಆಮ್ ನಾಟ್ ಸ್ಟಾಪಿಂಗ್."

ಆಗ ಕತ್ತಲೆಯಿಂದ ಮೇಷ್ಟ್ರ ದನಿ ಬಂತು. ಗುಡುಗಲ್ಲ. ಮನೆಯೊಳಗೆ ಯಾರೋ ಮಲಗಿದ್ದಾಗ ಆಡುವಂಥ ದನಿ. "ನನಗೆ ಕೂರೋಕೆ ಹೊತ್ತಿಲ್ಲ, ಅಂತಾಳೆ."

ಮುಂದಿನ ಸಾಲುಗಳಲ್ಲಿ ಒಂದೊಂದೇ ಮುಖ ಪರದೆಯ ಕಡೆ ತಿರುಗಿತು. ಈ ಕೊನೆಯನ್ನು ಎಲ್ಲರೂ ನೋಡಿದ್ದರು, "ಕೊನೇಲಿ ಏನೂ ಆಗಲ್ಲ" ಎಂದು ಆಕಳಿಸಿ ಮನೆಗೆ ಹೋಗಿದ್ದರು. ಈಗ ನೋಡಿದರು. ಸ್ಟ್ಯಾನ್ ಹೆಂಡತಿಯ ಮುಖ ನೋಡಿದ. ಎರಡೂ ಕೈ ಊರಿ, ಮೊಣಕಾಲು ಹಿಡಿದುಕೊಂಡು, ಆ ಕುರ್ಚಿಯಿಂದ ಎದ್ದ. ಸಿನಿಮಾದಲ್ಲಿ ಅವನು ಎದ್ದದ್ದು ಅದೇ ಮೊದಲು. ಪಕ್ಕಕ್ಕೆ ಸರಿದು ಟೀಗೆ ನೀರಿಡಲು ಹೋದ. ಅವಳು ಖಾಲಿ ಕುರ್ಚಿಯನ್ನು ನೋಡಿದಳು, ಅದು ಯಾರದೋ ಎಂಬಂತೆ. ಆಮೇಲೆ ಗುಂಡಿಗಳನ್ನು ಬಿಚ್ಚಿದಳು. ಐದು ಗುಂಡಿ. ಕೂತಳು. ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಟೀ ಬಂತು, ಹಬೆ ಎದ್ದಿತು, ಕಿಟಕಿಯಲ್ಲಿ ಬೆಳಕು ಕಡಿಮೆಯಾಗುತ್ತ ಹೋಯಿತು, ಅವಳು ಕೂತೇ ಇದ್ದಳು. ನಾಲ್ಕು ನಿಮಿಷವಂತೆ, ಮಹಬೂಬ್ ಸಾಹೇಬರು ಆಮೇಲೆ ಹೇಳಿದರು. ನೀಲು ನನ್ನ ಕೈ ಹಿಡಿದು, "ಅಮ್ಮ, ಅಳಬೇಡ, ಕಣ್ಣು ಮಂಜಾದ್ರೆ ಪೆಟ್ಟಿಗೆ ಏಳಲ್ಲ" ಎಂದಳು.

ಸೋಮವಾರ ಎದ್ದಿತು. ಆರು ಜನ ಇದ್ದ ಬಲವನ್ನೆಲ್ಲ ಹಾಕಿ ಎತ್ತಿದ್ದರಿಂದ ಆರೂ ಜನ ಹಿಂದಕ್ಕೆ ಬಿದ್ದರು. ಮೇಷ್ಟ್ರು ತಾವೇ ಒಂದು ಕೈಯಲ್ಲಿ ಪೆಟ್ಟಿಗೆ ಎತ್ತಿ ಕಂಡಕ್ಟರಿಗೆ ಕೊಟ್ಟು, ನನ್ನ ಕಡೆ ತಿರುಗಿ, "ವಾರಿಜಾ, ಹೊಸ ಪೆಟ್ಟಿಗೆಗೆ ನೀನೂ ಪಕ್ಕದಲ್ಲಿ ಒಂದು ಸ್ಟೂಲು ಹಾಕ್ಕೋ. ಮಾತು ನಾನು ಹೇಳ್ತೀನಿ, ಕೈ ನೀನು ನೋಡು" ಎಂದರು. ನಾನು ನಕ್ಕು, "ನನಗೆಲ್ಲಿ ಹೊತ್ತು ಮೇಷ್ಟ್ರೇ" ಎಂದೆ. ಆಮೇಲೆ ಬಸ್ಸಿನ ಧೂಳು ಇಳಿಯುವ ತನಕ ನಿಂತಿದ್ದು, ಮನೆಗೆ ಬಂದು ಪಾತ್ರೆ ತೊಳೆದೆ. ಇನ್ನು ಒಂದೇ ಮಂಗಳವಾರ. ಹೊಸದನ್ನು ನೋಡಿ ಬಂದರೆ ಮುಗಿಯಿತು. ಎರಡನೆಯ ಸಲ ಕಳ್ಳತನ ಮಾಡಲು ಊರು ಬಿಡುವುದಿಲ್ಲ, ನನಗೂ ಮನಸ್ಸಿರಲಿಲ್ಲ. ನೀಲುವಿನ ಮುಖ ನೋಡಿದವರು ಯಾರೂ ಅದನ್ನು ಮಾಡಲಾರರು.

ಹೊಸ ಪೆಟ್ಟಿಗೆ ಎಂಬತ್ತೊಂದನೇ ಇಸವಿಯದು. ಒಂದು ಕಿವಿ ಕೇಳಿಸದ ಪಿಯಾನೋ ರಿಪೇರಿಯವನು ಮನೆಮನೆಗೆ ಹೋಗುತ್ತಾನೆ. ಪಿಯಾನೋ ಸರಿಮಾಡುವುದಕ್ಕಿಂತ ಮನೆಯವರ ಜಗಳ ಸರಿಮಾಡುವುದೇ ಹೆಚ್ಚು, ಅದೂ ಕೇಳಿಸದ ಕಿವಿಯನ್ನು ಅವರ ಕಡೆಗಿಟ್ಟು. ಮಕ್ಕಳು ಕೇಕೆ ಹಾಕಿ ನಗುತ್ತಿದ್ದವು. ನಾನು ಕಣ್ಣರಳಿಸಿಕೊಂಡು ನೋಡುತ್ತಿದ್ದೆ, ಇರುವುದು ಇದೊಂದೇ ಸಲ ತಾನೇ ಎಂದು. ಇಂಟರ್‌ವಲ್ಲಿನ ದೀಪ ಹತ್ತಿತು.

ಪಕ್ಕದಲ್ಲಿ ಅತ್ತೆ ಊರುಗೋಲು ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡು, ಇಡೀ ಟಾಕೀಸಿಗೆ ಕೇಳಿಸುವಂತೆ, "ಅಯ್ಯೋ, ನನ್ನ ಸೊಂಟ ಹಿಡ್ಕೊಂಡ್ತು ಕಣ್ರಪ್ಪ. ನಾನು ಮನೆಗೆ ಹೊರಟೆ" ಎಂದರು. ನಾನು ಗಾಬರಿಯಿಂದ ಜೊತೆಗೆ ಏಳಹೋದರೆ ಹೆಗಲು ಅದುಮಿ ಕೂರಿಸಿದರು. "ನೀನು ಕೂತ್ಕೊಂಡು ನೋಡು. ಫಯಾಜ್ ನಿಲ್ಲಿಸ್ತಾನೆ ನಂಗೆ, ಆಟೋನ. ಮುಂದಿನ ಮಂಗಳವಾರ ನನ್ನ ಕರ್ಕೊಂಡು ಬರೋಕೆ ನೀನೇ ಬೇಕಲ್ಲ, ಆಗ ನೋಡಣ, ಎಷ್ಟಾಗುತ್ತೋ ಅಷ್ಟು."

ಮಹಬೂಬ್ ಸಾಹೇಬರು ಟೀ ಲೋಟ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ಓಡಿಬಂದರು. "ಹೊನ್ನಜ್ಜೀ, ಹೊನ್ನಜ್ಜೀ! ಇನ್ನೂ ಅರ್ಧ ಸಿನಿಮಾ ಇದೆ!"

"ಇರ್ಲಿ ಬಿಡಪ್ಪ," ಎಂದರು ಅತ್ತೆ, ಅವರನ್ನು ಊರುಗೋಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತ. "ಎಲ್ಲಿಗೆ ಹೋಗುತ್ತೆ ಅದು?"